16 ಗಂಟೆ ಫೀಡ್ ನಿಲ್ಲಿಸಿದ್ರೂ ಕರುಳು ಹರೀತಿದೆ, ಈಲಿ (ಲಿವರ್) ಮೇಲೆ ಹಸಿರು ಕಲೆ

ಹೊಟ್ಟುಶೆಡ್:
ಎಲ್ರಿಗೂ ನಮಸ್ಕಾರ. ನಂದು ಸಣ್ಣ ಬ್ರಾಯ್ಲರ್ ಶೆಡ್, ಭಾನುವಾರ ಮನೆ ಮುಂದೇನೇ ಕುಯ್ದು ಮಾರ್ತೀನಿ. ಮೊದ್ಲು ಫೀಡ್ ನಿಲ್ಲಿಸ್ತಾನೇ ಇರ್ಲಿಲ್ಲ, ಕ್ಲೀನ್ ಮಾಡುವಾಗ ಕ್ರಾಪ್ (ಕತ್ತಿನ ಬುಡದಲ್ಲಿ ತಿಂದಿದ್ದು ಕೂರೋ ಚೀಲ) ಒಡೆದು ಫೀಡೆಲ್ಲ ಮಾಂಸಕ್ಕೆ ಮೆತ್ಕೊಳ್ತಿತ್ತು, ಅದಕ್ಕೆ ಈಗ ಶನಿವಾರ ಮಧ್ಯಾಹ್ನ 2ಕ್ಕೇ ಫೀಡರ್ ಎತ್ತಿ ನೀರೂ ತೆಗ್ದು ಲೈಟ್ ಆರಿಸ್ಬಿಡ್ತೀನಿ, ಬೆಳಿಗ್ಗೆ 6ಕ್ಕೆ ಕುಯ್ಯೋಕೆ ಶುರು. ಆದ್ರೂ ಕರುಳು ಬೆರಳು ತಾಗಿದ್ರೆ ಹರಿಯುತ್ತೆ, ಪಿತ್ತ ಒಡೆದು ಈಲಿ ಹಸಿರಾಗುತ್ತೆ. ಕ್ರಾಪಲ್ಲಿ ಫೀಡಿಲ್ಲ, ನೆಲಕ್ಕೆ ಹಾಸಿರೋ ಭತ್ತದ ಹೊಟ್ಟು ಒದ್ದೆಯಾಗಿ ಸಿಗ್ತಿದೆ! ಇನ್ನೂ ಬೇಗ ನಿಲ್ಲಿಸ್ಬೇಕಾ?

ಕೋಳಿಗೂಡು:
ಅಯ್ಯೋ ಬೇಡ ಸಾರ್, ಜಾಸ್ತಿ ಆಗಿರೋದೇ ಪ್ರಾಬ್ಲಂ. ಫೀಡ್ ಎತ್ತಿದಾಗಿಂದ ಕುಯ್ಯೋವರೆಗೆ 8ರಿಂದ 12 ಗಂಟೆ ಸಾಕು. ಅದಕ್ಕಿಂತ ಕಮ್ಮಿ ಆದ್ರೆ ಕರುಳು ತುಂಬಿರುತ್ತೆ, ಜಾಸ್ತಿ ಆದ್ರೆ ಕರುಳಿನ ಒಳಪದರ ಕಳಚಿ ತೆಳ್ಳಗಾಗಿ ಹರಿಯುತ್ತೆ, ತಿನ್ನೋಕೇನೂ ಇಲ್ದೆ ಪಿತ್ತ ಖರ್ಚಾಗಲ್ಲ, ಚೀಲ ಉಬ್ಬಿ ಕೂತಿರುತ್ತೆ, ಕೈ ತಾಗಿದ್ರೆ ಮುಗೀತು. ಹಸಿದ ಕೋಳಿ ಹೊಟ್ಟು ಹಿಕ್ಕೆ ಎಲ್ಲಾ ಕುಕ್ಕುತ್ತೆ, ಅದ್ರ ಜೊತೆ ಸಾಲ್ಮೊನೆಲ್ಲಾ ಅನ್ನೋ ರೋಗದ ಬ್ಯಾಕ್ಟೀರಿಯಾನೂ ಕ್ರಾಪಿಗೆ ಹೋಗುತ್ತೆ.

ನೀರು ಯಾಕೆ ತೆಗೀತೀರಾ? ನೀರಿದ್ರೇನೇ ಫೀಡ್ ಕೆಳಗಿಳಿಯೋದು. ಹಿಡಿಯೋವರೆಗೂ ಬಿಡಿ. ಫೀಡರ್ ಎತ್ತಿ ಒಂದೆರಡು ಗಂಟೆ ಲೈಟೂ ಇರ್ಲಿ, ಓಡಾಡ್ಕೊಂಡು ನೀರು ಕುಡೀಲಿ, ಕತ್ತಲಲ್ಲಿ ಸುಮ್ನೆ ಕೂತ್ರೆ ಕರುಳು ಬೇಗ ಖಾಲಿ ಆಗಲ್ಲ.

ಗಿರಿರಾಜ_ಸಾಕಣೆ:
ತೂಕದ ಲೆಕ್ಕಾನೂ ನೋಡ್ಕಳಿ ಅಣ್ಣ. ಗಂಟೆಗೆ ಹೆಚ್ಚುಕಮ್ಮಿ ಕಾಲು ಪರ್ಸೆಂಟಿಂದ ಅರ್ಧ ಪರ್ಸೆಂಟ್ ಇಳಿಯುತ್ತೆ, 2 ಕೆಜಿ ಕೋಳಿಗೆ 5-10 ಗ್ರಾಂ. ಮೊದಮೊದಲು ಹೋಗೋದು ಬರೀ ಹಿಕ್ಕೆ, ಆಮೇಲಾಮೇಲೆ ಮೈಯಿಂದಾನೇ. ಬೇಸಿಗೇಲಿ ಇನ್ನೂ ಜಾಸ್ತಿ.

ಹೊಟ್ಟುಶೆಡ್:
ಅಪ್‌ಡೇಟ್: ರಾತ್ರಿ 8ಕ್ಕೆ ಎತ್ತಿದೆ, ನೀರು ಬಿಟ್ಟಿದ್ದೆ. ಬೆಳಿಗ್ಗೆ 6ರ ಕೋಳಿಗಳು ಸೂಪರ್, ಕ್ರಾಪ್ ಖಾಲಿ, ಕರುಳು ಹಗ್ಗದಂಗೆ ಗಟ್ಟಿ. ಆದ್ರೆ ಗಿರಾಕಿ ಬರ್ತಾ ಬರ್ತಾ ಕೊನೇವು ಕುಯ್ಯೋ ಹೊತ್ತಿಗೆ 11 ಆಯ್ತು, ಅದ್ರಲ್ಲಿ 2 ಪಿತ್ತ ಒಡೀತು.

ಕೋಳಿಗೂಡು:
ಅವು 15 ಗಂಟೆ ಆಯ್ತಲ್ಲ ಸಾರ್. ಶೆಡ್ ಮಧ್ಯೆ ಬಲೆ ಕಟ್ಟಿ, ತಡವಾಗಿ ಕುಯ್ಯೋ ಕೋಳಿಗಳಿಗೆ ರಾತ್ರಿ 12ಕ್ಕೆ ಫೀಡರ್ ಎತ್ತಿ.

ಹೊಟ್ಟುಶೆಡ್:
12ಕ್ಕೆ ಏಳೋದು ಯಾರು ಅಂತ ಮನೇಲಿ ಜಗಳ ಶುರುವಾಗಿದೆ 😄 ಬಲೆ ತಂದಿದೀನಿ.