ಮೊದಲ ಟ್ರ್ಯಾಕ್ ಡೇಗೆ ಸ್ವಿಫ್ಟ್: ದುಡ್ಡು ಬ್ರೇಕಿಗೆ ಹಾಕಲಾ, ವೀಲಿಗೆ ಹಾಕಲಾ? ಅನುಭವ ಇದ್ದವರು ಹೇಳಿ

ಬಳ್ಳಾರಿ ಸ್ವಿಫ್ಟ್:
ಎಲ್ಲರಿಗೂ ನಮಸ್ಕಾರ. ನನ್ನದು 2019ರ ಸ್ವಿಫ್ಟ್ ಪೆಟ್ರೋಲ್. ಮುಂದೆ ಡಿಸ್ಕ್, ಹಿಂದೆ ಡ್ರಮ್, ಕಂಪನಿ ಅಲಾಯ್, 185/65 ಆರ್15 ಟೈರು. ಮುಂದಿನ ತಿಂಗಳು ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲಿ ಟ್ರ್ಯಾಕ್ ಡೇಗೆ (ನಮ್ಮ ಕಾರನ್ನೇ ರೇಸ್ ಟ್ರ್ಯಾಕಿನಲ್ಲಿ ಓಡಿಸೋ ದಿನ) ಹೆಸರು ಕೊಟ್ಟಿದ್ದೇನೆ. ಇದೇ ಮೊದಲು. 60 ಸಾವಿರ ತೆಗೆದಿಟ್ಟಿದ್ದೇನೆ. ಪ್ಯಾಡು, ಡಿಸ್ಕಿಗೆ ಹಾಕಲಾ, ಇಲ್ಲ 16 ಇಂಚಿನ ವೀಲು, ಒಳ್ಳೇ ಟೈರಿಗೆ ಹಾಕಲಾ? ಮನೆಯಲ್ಲಿ ಇರೋದು ಇದೊಂದೇ ಕಾರು, ಇದರಲ್ಲೇ ವಾಪಸ್ ಬರಬೇಕು.

ರಾಯಚೂರು ಪೋಲೋ:
ಮೊದಲು ಬ್ರೇಕ್ ಆಯಿಲ್ ಬದಲಾಯಿಸಿ, ಆಮೇಲೆ ಉಳಿದ ಮಾತು.

ನನ್ನದು ಪೋಲೋ ಜಿಟಿ ಟಿಎಸ್‌ಐ. ಹೋಗಿದ್ದು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ, 3.7 ಕಿ.ಮೀ. ಇರೋದು. ಹೊರಡುವ ಮುಂಚೆ ಇಲ್ಲೇ ಒಂದು ಸರ್ವಿಸ್ ಸೆಂಟರಿನಲ್ಲಿ ಫುಲ್ ಸರ್ವಿಸ್ ಮಾಡಿಸಿದ್ದೆ. ಬಿಲ್ಲು 14,300. ಅದರಲ್ಲಿ ಬ್ರೇಕ್ ಆಯಿಲ್ ಬದಲಾವಣೆ ಅಂತ 1,150 ಬರೆದಿದ್ದಾರೆ. ಆ ಬಿಲ್ಲು ಇನ್ನೂ ಡ್ಯಾಶ್‌ಬೋರ್ಡ್ ಒಳಗಿದೆ.

ಮೊದಲ ಸೆಷನ್ ಚೆನ್ನಾಗಿ ಹೋಯಿತು. ಎರಡನೆಯದರಲ್ಲಿ ಉದ್ದದ ನೇರ ದಾರಿ ಮುಗಿಯುವ ಕಡೆ ಪೆಡಲ್ ಒತ್ತಿದರೆ ಅರ್ಧದ ತನಕ ಏನೂ ಇಲ್ಲ. ಇನ್ನೂ ಒತ್ತಿದೆ, ಸೀದಾ ನೆಲಕ್ಕೆ ಹೋಯಿತು. ಬಿಟ್ಟು ಬಿಟ್ಟು ಪಂಪ್ ಮಾಡಿದಾಗ ಒಂಚೂರು ಹಿಡಿಯಿತು, ಅಷ್ಟರಲ್ಲಿ ಕಾರು ಟ್ರ್ಯಾಕ್ ಪಕ್ಕದ ಜಲ್ಲಿಗೆ ಇಳಿದಾಗಿತ್ತು. ಬಂಪರ್, ಎಂಜಿನ್ ಕೆಳಗಿನ ಗಾರ್ಡು, ಎಡಗಡೆ ಫಾಗ್ ಲ್ಯಾಂಪು ಸೇರಿ 11,700. ವೀಲಿನ ಒಳಗೆ ಸಿಕ್ಕಿಕೊಂಡ ಜಲ್ಲಿ ತೆಗೆಸಲು 400 ಬೇರೆ. ಬೇರಿಂಗ್ ಸದ್ದು ಬರುತ್ತೆ ಅಂತ ಅದಕ್ಕೊಂದು 3,900.

ಅಲ್ಲಿನ ಮೆಕ್ಯಾನಿಕ್ ಒಬ್ಬರು ಬ್ಲೀಡ್ ನಿಪ್ಪಲ್ಲಿಗೆ, ಅಂದರೆ ಬ್ರೇಕ್ ಆಯಿಲ್ ಹೊರಬಿಡೋ ಮೂತಿಗೆ, ಬಿಳಿ ಪೈಪು ಸಿಕ್ಕಿಸಿ, ಪೆಡಲ್ ಒತ್ತಿ ಹಿಡೀರಿ ಅಂದರು. ಬಂದ ಆಯಿಲ್ ಡಿಕಾಕ್ಷನ್ ಬಣ್ಣದ್ದು. ಅದರ ಜೊತೆ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಪೈಪಿನಲ್ಲಿ ಹತ್ತುತ್ತಲೇ ಇದ್ದವು. "ಇದು ಬದಲಾಯಿಸಿದ್ದಲ್ಲ ಸರ್, ಮೇಲಿನ ಡಬ್ಬಿಯಲ್ಲಿದ್ದದ್ದು ಮಾತ್ರ ತೆಗೆದು ಹೊಸದು ತುಂಬಿದ್ದಾರೆ" ಅಂದರು. ಸರ್ವಿಸ್ ಸೆಂಟರಿಗೆ ಬಂದು ಕೇಳಿದರೆ ಮ್ಯಾನೇಜರು "ರೇಸ್ ಮಾಡೋಕೆ ಯಾರು ಹೇಳಿದ್ರು" ಅಂತಾನೆ!

ಆಯಿಲ್ ಕುದ್ದು ಗುಳ್ಳೆ ಬಂದರೆ ಪೆಡಲ್ ಹೀಗೆ ಕೆಳಗೆ ಹೋಗುತ್ತೆ. ಡಾಟ್ ಅನ್ನೋದು ಬ್ರೇಕ್ ಆಯಿಲಿನ ದರ್ಜೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಗೆ ಕುದಿಯಬೇಕು. ಗಾಳಿಯ ತೇವ ಹೀರಿಕೊಂಡ ಮೇಲೆ ಅದರ ಮಟ್ಟ 155. ಡಾಟ್ 5.1 ಆದರೆ 260, 180. ನಾನು ಈಗ ಹಾಕೋದು ಮೋಟುಲ್ ಆರ್‌ಬಿಎಫ್ 600, ಹೊಸದರಲ್ಲಿ 312 ಡಿಗ್ರಿ. ಅರ್ಧ ಲೀಟರಿನ ಎರಡು ಬಾಟಲಿಗೆ 3,500 ಕೊಟ್ಟೆ. ಡಾಟ್ 5 ಅಂತ ಮಾತ್ರ ಬರೆದದ್ದು ಮುಟ್ಟಲೇಬೇಡಿ, ಅದು ಸಿಲಿಕಾನ್, ಇದರ ಜೊತೆ ಸೇರಲ್ಲ.

ಹೊಸಪೇಟೆ ಐ20:
ಆಯಿಲ್ ಸರಿ ಅಣ್ಣಾ. ಆದರೆ ಕಾರು ನಿಲ್ಲಿಸೋದು ಕೊನೆಗೆ ಟೈರು. ಎಬಿಎಸ್ (ವೀಲು ಲಾಕಾಗದ ಹಾಗೆ ತಡೆಯೋ ವ್ಯವಸ್ಥೆ) ಕಟಕಟ ಅನ್ನೋಕೆ ಶುರುವಾದ ಮೇಲೆ ನೀವು ಎಂಥ ಪ್ಯಾಡ್ ಹಾಕಿದ್ರೂ ಅಷ್ಟೇ. ನಾನು ವೀಲು, ಟೈರಿಗೇ ಹಾಕಿದೆ, ಇವತ್ತಿಗೂ ಅದೇ ಸರಿ ಅಂತೀನಿ.

ಆದರೆ ಮೊದಲ ಸೆಟ್ಟಿನ ಕಥೆ ಕೇಳಿ. 17 ಇಂಚು, 205/45 ಟೈರು. ನಮ್ಮ ಕಡೆಯ ಒಬ್ಬ ಅಂಗಡಿಯವನು "ಒರಿಜಿನಲ್ ಸರ್, ಫೋರ್ಜ್ಡ್" (ಎರಕ ಹೊಯ್ಯದೆ, ಒತ್ತಿ ಮಾಡಿದ ವೀಲು) ಅಂತ ಆಣೆ ಮಾಡಿ ಕೊಟ್ಟ. 38,000, ಬಿಲ್ಲಿಲ್ಲ. ಟೈರಿಗೆ 31,600. ಸಂಡೂರು ರೋಡಲ್ಲಿ ಅದಿರು ಲಾರಿ ಮಾಡಿದ ಗುಂಡಿಗೆ ಎಡಗಡೆ ಮುಂದಿನ ವೀಲು ಬಿತ್ತು. ಒಳಗಿನ ಅಂಚು ಬೆರಳಗಲ ಸೀಳಿತ್ತು. ಫೋರ್ಜ್ಡ್ ಆಗಿದ್ರೆ ಬಗ್ಗುತ್ತೆ, ಹಿಂಗೆ ಬಿಸ್ಕತ್ ಥರ ಮುರಿಯುತ್ತಾ? ವೀಲಿನ ತೂಕ ಹಾಕಿಸಿದೆ, 10 ಕಿಲೋ ದಾಟಿತ್ತು. ಕಂಪನಿ ವೀಲಿಗಿಂತ ಭಾರ! ದುಡ್ಡು ಕೊಟ್ಟು ಭಾರ ಹೊತ್ತುಕೊಂಡ ಹಾಗಾಯ್ತು.

ಇನ್ನೊಂದು. ಮಾರ್ಕೆಟ್ಟಿನ ವೀಲಿನ ನಡುವಿನ ತೂತು ಸಾಮಾನ್ಯವಾಗಿ 73.1 ಎಂಎಂ, ಅದು ಕೂರೋ ನಮ್ಮ ಕಾರಿನ ಹಬ್ಬು 54.1. ನಡುವೆ ರಿಂಗ್ ಹಾಕಲೇಬೇಕು. ಪ್ಲಾಸ್ಟಿಕ್ ರಿಂಗ್ ಕೊಟ್ಟಿದ್ದ. ಟ್ರ್ಯಾಕಿನ ಬಿಸಿಗೆ ಅದು ಮೆತ್ತಗಾಗಿ ಹಬ್ಬಿಗೆ ಅಂಟಿಕೊಂಡು, 90 ದಾಟಿದರೆ ಸ್ಟೇರಿಂಗ್ ನಡುಗೋಕೆ ಶುರು. ಅಲ್ಯೂಮಿನಿಯಂ ರಿಂಗೇ ಕೇಳಿ, ನಾಲ್ಕಕ್ಕೆ 1,600. ಈಗ 15 ಇಂಚಿಗೇ ವಾಪಸ್ ಬಂದಿದ್ದೇನೆ, ಟೈರು ಮಾತ್ರ ಮೆತ್ತನೆ ರಬ್ಬರಿನದು.

ಕೊಪ್ಪಳ ರೆಡ್:
ಆಯಿಲ್ಲು, ಟೈರು ಅಂತ ಕೂತರೆ ಮಿತ್ರರೇ ಜೀವನವೆಲ್ಲ ಹಂಗೇ ಹೋಗುತ್ತೆ. ನನ್ನದೂ ಸ್ವಿಫ್ಟೇ. ಮುಂದೆ ದೊಡ್ಡ ಡಿಸ್ಕ್ ಕಿಟ್ ಹಾಕಿದೆ, 300 ಎಂಎಂ, ಪ್ಯಾಡನ್ನು ಡಿಸ್ಕಿಗೆ ಒತ್ತೋ ನಾಲ್ಕು ಪಿಸ್ಟನ್ ಕ್ಯಾಲಿಪರ್. 1,12,000. ಒಂದು ದಿನಕ್ಕೂ ಬ್ರೇಕ್ ಬಿಟ್ಟುಕೊಟ್ಟಿಲ್ಲ. ಕರಿ ಸ್ಪೀಡ್‌ವೇಯಲ್ಲಿ ಬೇರೆಯವರು ಬಿಸಿ ಆಯ್ತು ಅಂತ ಪಕ್ಕಕ್ಕೆ ಹೋಗುವಾಗ ನಾನು ಓಡಿಸ್ತಾನೇ ಇದ್ದೆ.

ಖರ್ಚು ಮುಚ್ಚಿಡಲ್ಲ. ಕಂಪನಿ 15 ಇಂಚಿನ ವೀಲು ಕ್ಯಾಲಿಪರಿಗೆ ಉಜ್ಜುತ್ತಿತ್ತು. ಹಾಗಾಗಿ 16 ಇಂಚು, 34,000. ಟೈರು 195/55, ಸೆಟ್ಟಿಗೆ 26,400. ಈ ಅಳತೆಯಲ್ಲಿ ಒಟ್ಟು ಎತ್ತರ ನಿಮ್ಮ 185/65 ಆರ್15ರಷ್ಟೇ, ಸ್ಪೀಡೋಮೀಟರ್ ಸುಳ್ಳು ಹೇಳಲ್ಲ. ಸ್ಟೀಲ್ ಬ್ರೇಡ್ ಬ್ರೇಕ್ ಪೈಪು 7,800. ಸಾಗಣೆ, ಫಿಟಿಂಗ್ 9,000. ಬರುವಾಗ ಹಿರಿಯೂರು ದಾಟಿದ ಮೇಲೆ ಮುಂದಿನ ಟೈರು ಪಂಕ್ಚರ್. ಸ್ಟೆಪ್ನಿ ಮುಂದೆ ಕೂರಲ್ಲ, ಕ್ಯಾಲಿಪರ್ ಅಡ್ಡ. ರಾತ್ರಿಯಲ್ಲಿ ಹಿಂದಿನ ವೀಲು ಬಿಚ್ಚಿ ಮುಂದೆ ಹಾಕಿ, ಸ್ಟೆಪ್ನಿ ಹಿಂದೆ ಹಾಕಿ ಬಂದೆ. ಆದರೂ ಹಾಕಿದ್ದೇ ಹಾಕಿದ್ದು.

ರಾಯಚೂರು ಪೋಲೋ:
ಕೊಪ್ಪಳದವರೇ, ಮುಂದೆ ನಾಲ್ಕು ಪಿಸ್ಟನ್ ಕೂರಿಸಿ ಹಿಂದೆ ಡ್ರಮ್ಮು, ಪೆಡಲ್ ಒತ್ತಿದಾಗ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್ ಹಳೇದೇ. ಹಿಂದೆ ಮುಂದೆ ಬ್ರೇಕ್ ಹಂಚಿಕೆ ಲೆಕ್ಕ ಯಾರು ಹಾಕಿದ್ರು? ಪಿಸ್ಟನ್ ದೊಡ್ಡದಾದರೆ ಪೆಡಲ್ ಉದ್ದ ಹೋಗುತ್ತೆ, ಮುಂದಿನ ವೀಲು ಬೇಗ ಲಾಕಾಗಿ ಎಬಿಎಸ್ ಬೇಗ ಎದ್ದೇಳುತ್ತೆ. ಸ್ವಿಫ್ಟ್ 900 ಕಿಲೋ ಕೂಡ ತೂಗಲ್ಲ. ಅದಕ್ಕೆ 300 ಎಂಎಂ ಡಿಸ್ಕು ಯಾಕ್ರೀ? ಕೆಂಪು ಬಣ್ಣ ಕಾಣಲಿ ಅಂತಾನಾ?

ಕೊಪ್ಪಳ ರೆಡ್:
ಕಿಟ್ ಮಾಡಿದವರು ಲೆಕ್ಕ ಹಾಕಿಯೇ ಪಿಸ್ಟನ್ ಸೈಜು ಇಟ್ಟಿರುತ್ತಾರೆ. ಜಲ್ಲಿಗೆ ಇಳಿದವರು ಯಾರು, ನಾನಾ ನೀವಾ?

ಸಿರುಗುಪ್ಪ ಡೀಸೆಲ್:
ಇಬ್ಬರೂ ಸುಮ್ನೆ ಇರಿ. ನಾನು ಡೀಸೆಲ್ ಸ್ವಿಫ್ಟನ್ನು ಇದ್ದ ಹಾಗೇ ಓಡಿಸಿ ಬಂದವನು. ಖರ್ಚು ಅಂದರೆ ಡೀಸೆಲ್ಲು, ಎಂಟ್ರಿ ಫೀಸು, ದಾರಿಯಲ್ಲಿ ಊಟ. ಬ್ರೇಕ್ ವಾಸನೆ ಬಂತಾ, ಕಾಲು ಎತ್ತಿ ಒಂದು ಸುತ್ತು ನಿಧಾನ ಓಡಿಸು, ಗಾಳಿ ಬಡಿದು ಆರುತ್ತೆ. ಮೊದಲ ದಿನ ಕಲಿಯೋದು ದಾರಿ, ಕಾರಲ್ಲ. ಬಳ್ಳಾರಿ ಹುಡುಗ, 60 ಸಾವಿರ ಮನೆಯಲ್ಲೇ ಇಡು.

ಹೊಸಪೇಟೆ ಐ20:
ಸಿರುಗುಪ್ಪದವರೇ, ಪೆಡಲ್ ಗಟ್ಟಿ ಇದ್ದು ಕಾರು ನಿಲ್ಲದಿದ್ದರೆ ಪ್ಯಾಡು ಸುಟ್ಟಿದೆ ಅಂತ. ಪೆಡಲ್ ಕೆಳಗೆ ಹೋದರೆ ಆಯಿಲ್ ಕುದ್ದಿದೆ ಅಂತ. ಎರಡಕ್ಕೂ ಮದ್ದು ಬೇರೆ. "ವಾಸನೆ ಬಂದರೆ ಕಾಲೆತ್ತು" ಅನ್ನೋದು ಹೊಸಬರಿಗೆ ಹೇಳೋ ಮಾತಾ? ವೇಗ ಎರಡು ಪಟ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕು ಪಟ್ಟು. ಇಲ್ಲಿ ಎಪಿಎಂಸಿ ರೋಡಲ್ಲಿ 40ರಲ್ಲಿ ಹಿಡಿದ ಬ್ರೇಕು ಅಲ್ಲಿ 130ಕ್ಕೆ ಹಿಡಿಯುತ್ತೆ ಅಂತ ನಂಬಿಸಬೇಡಿ.

ಸಿರುಗುಪ್ಪ ಡೀಸೆಲ್:
ಒಡೆದ ವೀಲಿಗೆ 38 ಸಾವಿರ ಕೊಟ್ಟವರಿಂದ ನಾನು ಪಾಠ ಕೇಳಬೇಕಾ? ಮೊದಲು ನಿಮ್ಮ ಊರಿನ ಅಂಗಡಿಯವನ ಹತ್ತಿರ ಬಿಲ್ಲು ಇಸ್ಕೊಳ್ಳಿ. ಬಳ್ಳಾರಿ ಜಿಲ್ಲೆ ಮರ್ಯಾದೆ ತೆಗೆದ್ರಿ.

ಹೊಸಪೇಟೆ ಐ20:
ಹೊಸಪೇಟೆ 2021ರಿಂದ ವಿಜಯನಗರ ಜಿಲ್ಲೆ. ನಿಮ್ಮ ಜಿಲ್ಲೆ ಮರ್ಯಾದೆ ನೀವೇ ನೋಡ್ಕೊಳ್ಳಿ.

ಗಂಗಾವತಿ ರೈಸ್‌ಮಿಲ್:
ಜಿಲ್ಲೆ ಜಗಳ ಆಮೇಲೆ. ಇನ್ಶೂರೆನ್ಸ್ ಬಗ್ಗೆ ಒಬ್ಬರೂ ಮಾತಾಡಲಿಲ್ಲ ನೋಡಿ. ಪಾಲಿಸಿ ಕಾಗದದಲ್ಲಿ "ಬಳಕೆಯ ಮಿತಿ" ಅಂತ ಇರುತ್ತೆ. ರೇಸು, ವೇಗ ಪರೀಕ್ಷೆ ಇವಕ್ಕೆಲ್ಲ ಕವರ್ ಇಲ್ಲ ಅಂತ ಅಲ್ಲೇ ಬರೆದಿದೆ. ನನ್ನ ಕಾರು ಟ್ರ್ಯಾಕ್ ಅಂಚಿನ ಟೈರು ಜೋಡಿಸಿದ ಗೋಡೆಗೆ ತಾಗಿದಾಗ ಗೊತ್ತಾಯ್ತು. ಬಲಗಡೆ ಫೆಂಡರ್, ಹೆಡ್‌ಲೈಟು, ಲೋವರ್ ಆರ್ಮು, ಅಲೈನ್‌ಮೆಂಟು. ಮೊದಲ ಅಂದಾಜು 62,000 ಅಂದ್ರು, ಬಿಚ್ಚಿದ ಮೇಲೆ 81,500. ಅಷ್ಟೂ ಕೈಯಿಂದ. ಏಜೆಂಟು "ಪಾಸ್ ಆಗುತ್ತೆ ಬಿಡಿ ಸರ್" ಅಂತ ಮೊದಲು ಹೇಳಿದ್ದ, ಈಗ ಫೋನ್ ಎತ್ತಲ್ಲ. 60 ಸಾವಿರದಲ್ಲಿ ಅರ್ಧ ಹಾಗೇ ಇಟ್ಟುಕೊಂಡು ಹೋಗಿ.

ಸ್ವಂತ ವೀಲು ಹಾಕಿಸಿದ್ದನ್ನು ಪಾಲಿಸಿಯಲ್ಲಿ ಹೇಳಿದ್ದೀರಾ ಅಂತಾನೂ ಕೇಳಿದರು ನನಗೆ. ಹೇಳಿರಲಿಲ್ಲ. ಯಾರು ಹೇಳ್ತಾರೆ?

ಬಳ್ಳಾರಿ ಸ್ವಿಫ್ಟ್:
ಎಲ್ಲರಿಗೂ ಥ್ಯಾಂಕ್ಸ್. ಹಾಗಾದ್ರೆ ಆಯಿಲ್ಲು, ಒಂದು ಸೆಟ್ ಟ್ರ್ಯಾಕ್ ಪ್ಯಾಡು ಸಾಕಾ? ಡಿಸ್ಕು ಬದಲಾಯಿಸಬೇಕಾ? ತೂತು ಕೊರೆದ ಡಿಸ್ಕು ಚೆನ್ನಾಗಿರುತ್ತೆ ಅಂತ ಒಬ್ರು ಹೇಳಿದ್ರು.

ರಾಯಚೂರು ಪೋಲೋ:
ತೂತಿನ ಡಿಸ್ಕು ಬೇಡ. ಬಿಸಿ ಆಗಿ ತಣಿದು, ಬಿಸಿ ಆಗಿ ತಣಿದು ತೂತಿನ ಸುತ್ತಲಿಂದಲೇ ಬಿರುಕು ಶುರುವಾಗುತ್ತೆ. ನನ್ನದರಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಬಿರುಕು ಬಂದಿತ್ತು. ಜೋಡಿ 9,200 ಗುಜರಿಗೆ. ಸಾದಾ ಡಿಸ್ಕು, ದಪ್ಪ ಸರಿ ಇದ್ದರೆ ಹಳೇದೇ ಸಾಕು.

ಹೊಸ ಪ್ಯಾಡು ಹಾಕಿದರೆ ಸೀದಾ ಟ್ರ್ಯಾಕಿಗೆ ಹೋಗಬೇಡಿ, ಮೊದಲು ಅದು ಡಿಸ್ಕಿಗೆ ಹೊಂದಿಕೊಳ್ಳಬೇಕು. ಬೆಳಗ್ಗೆ ಬೈಪಾಸಲ್ಲಿ ಖಾಲಿ ಇರುವಾಗ, ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು, 80ರಿಂದ 20ಕ್ಕೆ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ಏರಿಸಿ, ಹಿಂಗೆ ಮಾಡ್ತಾ ಹೋಗಿ. ಸ್ವಲ್ಪ ಹೊಗೆ ಬಂದರೆ ಹೆದರಬೇಡಿ. ಆಮೇಲೆ ಬ್ರೇಕ್ ಮುಟ್ಟದೆ ಓಡಿಸಿ ಆರಿಸಿ. ಟ್ರ್ಯಾಕಿನಿಂದ ಒಳಗೆ ಬಂದ ಮೇಲೂ ಪೆಡಲ್ ಒತ್ತಿಕೊಂಡು ನಿಲ್ಲಬೇಡಿ. ಪ್ಯಾಡಿನ ಪುಡಿ ಡಿಸ್ಕಿಗೆ ಅಂಟಿ ಮುಂದೆ ಬ್ರೇಕ್ ಹಾಕಿದಾಗಲೆಲ್ಲ ಡುಬುಡುಬು ಅನ್ನುತ್ತೆ. ಗೇರಲ್ಲಿ ನಿಲ್ಲಿಸಿ, ವೀಲಿಗೆ ಕಲ್ಲಿಡಿ.

ಗಂಗಾವತಿ ರೈಸ್‌ಮಿಲ್:
ಟ್ರ್ಯಾಕ್ ಪ್ಯಾಡು ಊರಲ್ಲಿ ಕಿರುಚುತ್ತೆ ಅಂತಾನೂ ಹೇಳಿ. ಸಿಗ್ನಲ್ ಬಂದರೆ ಎಲ್ಲರೂ ತಿರುಗಿ ನೋಡ್ತಾರೆ. ತಣ್ಣಗಿದ್ದಾಗ ಹಿಡಿತವೂ ಕಮ್ಮಿ. ಮನೆಯವರು ಓಡಿಸೋ ಕಾರಾದ್ರೆ ವಾಪಸ್ ಬಂದ ತಕ್ಷಣ ಹಳೇ ಪ್ಯಾಡು ಹಾಕಿ.

ಹೊಸಪೇಟೆ ಐ20:
ವೀಲ್ ನಟ್ಟು ಬಗ್ಗೆ ಯಾರೂ ಹೇಳಲಿಲ್ಲ. ಪಂಕ್ಚರ್ ಅಂಗಡಿಯ ಗನ್ನಲ್ಲಿ ಗರ್ರ್ ಅಂತ ಬಿಗಿಸಿಕೊಂಡು ಹೋಗಬೇಡಿ. ನನಗೆ ಅಲ್ಲೇ ನಟ್ಟು ಕೂರೋ ಸ್ಟಡ್ ಮುರಿದು ಅರ್ಧ ದಿನ ಹೋಯ್ತು. ಟಾರ್ಕ್ ವ್ರೆಂಚ್ (ಎಷ್ಟು ಬಿಗಿ ಅಂತ ಅಳೆಯೋ ಪಾನಾ) ಇಟ್ಟುಕೊಳ್ಳಿ, ಕಾರಿನ ಪುಸ್ತಕದಲ್ಲಿ ಬರೆದಷ್ಟೇ ಬಿಗಿಸಿ, ಸೆಷನ್ ಆದ ಮೇಲೆ ಮತ್ತೆ ನೋಡಿ. ಟೈರು ಬಿಸಿ ಆದರೆ ಗಾಳಿ ಏರುತ್ತೆ, ಗೇಜ್ ಜೊತೆಗಿರಲಿ.

ಸಿರುಗುಪ್ಪ ಡೀಸೆಲ್:
ಆಯಿಲ್ಲು, ಪ್ಯಾಡು, ವ್ರೆಂಚು, ಗೇಜು, ರಿಂಗು. ಇನ್ನೇನು ಒಂದು ಲಾರಿ ಮಾಡಿಕೊಂಡು ಹೋಗಲಿ ಹುಡುಗ.

ರಾಯಚೂರು ಪೋಲೋ:
ನಿಮ್ಮ ಹಾಗೆ ಅದೃಷ್ಟ ನಂಬಿ ಹೋಗೋಕೆ ಎಲ್ಲರಿಗೂ ಆಗಲ್ಲ ಸಾಹೇಬ್ರೇ.

ಸಿರುಗುಪ್ಪ ಡೀಸೆಲ್:
ಅದೃಷ್ಟ ಅಲ್ಲ, ಕಾಲು. ಕಾಲು ಸರಿ ಇದ್ದರೆ ಆಯಿಲ್ ಕುದಿಯಲ್ಲ.

ರಾಯಚೂರು ಪೋಲೋ:
ನಾನು ಕೊಟ್ಟ 1,150ಕ್ಕೂ ನನ್ನ ಕಾಲಿಗೂ ಏನ್ರೀ ಸಂಬಂಧ? ಬಿಲ್ಲಿನ ಫೋಟೋ ಹಾಕಲಾ?

ಕೊಪ್ಪಳ ರೆಡ್:
ಬಳ್ಳಾರಿ ಸ್ವಿಫ್ಟ್ ಅವರೇ, ಇವರ ಜಗಳ ಮುಗಿಯಲ್ಲ. ನನ್ನ 16 ಇಂಚಿನ ಸೆಟ್ಟು ಕೊಡೋದಿದೆ, 17ಕ್ಕೆ ಹೋಗ್ತಾ ಇದ್ದೇನೆ. ಅಲ್ಯೂಮಿನಿಯಂ ರಿಂಗ್ ಸಮೇತ 24,000. ಕೊಪ್ಪಳಕ್ಕೆ ಬಂದು ನೋಡಿ.

ಹೊಸಪೇಟೆ ಐ20:
ಹಿರಿಯೂರಲ್ಲಿ ಪಂಕ್ಚರ್ ಆದ ವೀಲೂ ಅದರಲ್ಲೇ ಇದೆಯಾ? ಬಳ್ಳಾರಿಯವರೇ, ಕೊಳ್ಳೋದಾದ್ರೆ ಬ್ಯಾಲೆನ್ಸಿಂಗ್ ಮಷಿನ್ ಮೇಲೆ ತಿರುಗಿಸಿ ನೋಡಿ ಕೊಳ್ಳಿ.

ಕೊಪ್ಪಳ ರೆಡ್:
ತಿರುಗಿಸಿ ನೋಡಲಿ, ನನಗೇನು ಭಯ. ಬ್ಯಾಲೆನ್ಸಿಂಗ್ ಖರ್ಚು ಮಾತ್ರ ಅವರದೇ.