ಫ್ಲಶ್ ಮಾಡದಿದ್ದರೂ ಟ್ಯಾಂಕ್ ತಾನಾಗಿಯೇ ತುಂಬಿಕೊಳ್ಳುತ್ತಿದೆ, ಏನು ಮಾಡಲಿ?

ಪ್ರಶ್ನೆ:
ನಮ್ಮ ಕಮೋಡಿನ ಫ್ಲಶ್ ಟ್ಯಾಂಕ್ ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಸೊಯ್ ಅಂತ ತಾನೇ ತುಂಬಿಕೊಳ್ಳುತ್ತದೆ. ಐದಾರು ಸೆಕೆಂಡ್ ಸದ್ದು, ಆಮೇಲೆ ನಿಲ್ಲುತ್ತದೆ. ನೆಲ ಒಣಗಿದೆ, ಹೊರಗೆಲ್ಲೂ ಸೋರಿಕೆ ಇಲ್ಲ. ಪ್ಲಂಬರ್ ಬಂದು, ಟ್ಯಾಂಕ್ ತುಂಬಿದಾಗ ನೀರು ನಿಲ್ಲಿಸುವ ಫ್ಲೋಟ್ ವಾಲ್ವ್ ಹೊಸದು ಹಾಕಿ ಹೋದರು. ಎರಡೇ ದಿನ, ಮತ್ತೆ ಅದೇ ಕಥೆ. ರಾತ್ರಿಯೆಲ್ಲ ನಿದ್ದೆ ಇಲ್ಲ. ಇಡೀ ಟ್ಯಾಂಕ್ ಬದಲಾಯಿಸಬೇಕಾ?

ಉತ್ತರ:
ದಯವಿಟ್ಟು ಟ್ಯಾಂಕ್ ಬದಲಾಯಿಸಬೇಡಿ. ಬಿಟ್ಟು ಬಿಟ್ಟು ತುಂಬುತ್ತದೆ ಅಂದಿರಲ್ವಾ, ಸುಳಿವು ಅಲ್ಲೇ ಇದೆ. ಫ್ಲೋಟ್ ವಾಲ್ವ್ ಕೆಟ್ಟಿದ್ದರೆ ನೀರು ನಿಲ್ಲದೆ ಬಂದು, ಹೆಚ್ಚಾದ ನೀರು ಇಳಿಯಲೆಂದು ಒಳಗಿರುವ ಓವರ್‌ಫ್ಲೋ ಪೈಪಿನ ಬಾಯಿಯಿಂದ ಕಮೋಡಿಗೆ ಹರಿಯುತ್ತಿತ್ತು. ನಿಮ್ಮಲ್ಲಿ ವಾಲ್ವ್ ಸರಿಯಾಗಿ ಮುಚ್ಚುತ್ತಿದೆ. ಟ್ಯಾಂಕಿನ ತಳದಿಂದ ನೀರು ಸದ್ದಿಲ್ಲದೆ ಇಳಿಯುತ್ತಿದೆ. ಮಟ್ಟ ಕಡಿಮೆಯಾದ ಕೂಡಲೇ ಫ್ಲೋಟ್ ಕೆಳಗಿಳಿದು ಮತ್ತೆ ನೀರು ಬಿಡುತ್ತದೆ.

ಖಚಿತ ಮಾಡಿಕೊಳ್ಳಿ. ಟ್ಯಾಂಕ್ ತುಂಬಿದ ಮೇಲೆ, ಗೋಡೆಯಿಂದ ಟ್ಯಾಂಕಿಗೆ ನೀರು ಬಿಡುವ ನಲ್ಲಿ, ಅಂದರೆ ಆ್ಯಂಗಲ್ ಕಾಕ್ ಮುಚ್ಚಿ. ಒಳಗೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆಯಿರಿ. ಅಡುಗೆಗೆ ಬಳಸುವ ಬಣ್ಣ ನಾಲ್ಕೈದು ಹನಿ ಹಾಕಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡಬಾರದು. ಬಣ್ಣ ಕಮೋಡಿನಲ್ಲಿ ಕಂಡರೆ ತಳದಲ್ಲಿ ನೀರು ತಡೆಯುವ ರಬ್ಬರ್ ಸೀಲ್ ಸೋರುತ್ತಿದೆ ಅಂತಲೇ ಅರ್ಥ.

ಪ್ರಶ್ನೆ ಕೇಳಿದವರು:
ಮಾಡಿದೆ. ನೀರು ಗೆರೆಯಿಂದ ಎರಡು ಬೆರಳು ಇಳಿದಿದೆ. ಕಮೋಡಿನ ಹಿಂಬದಿಯಲ್ಲಿ ದಾರದಷ್ಟು ಸಣ್ಣ ಕೆಂಪು ಎಳೆ ಇಳಿಯುತ್ತಿದೆ! ಆದರೆ ನಮ್ಮದು ಎರಡು ಬಟನ್ ಇರುವುದು. ಹ್ಯಾಂಡಲ್ ಟ್ಯಾಂಕಿನಲ್ಲಿ ಇರುವಂಥ ಚೈನ್, ರಬ್ಬರ್ ಮುಚ್ಚಳ ಯಾವುದೂ ಒಳಗಿಲ್ಲ.

ಉತ್ತರ:
ಎರಡು ಬಟನ್ ಇದ್ದರೆ ನಡುವೆ ಉದ್ದನೆಯ ಪ್ಲಾಸ್ಟಿಕ್ ಫ್ಲಶ್ ವಾಲ್ವ್ ನಿಂತಿರುತ್ತದೆ. ಅದರ ಬುಡದಲ್ಲಿ ಬಳೆಯಂಥ ರಬ್ಬರ್ ವಾಷರ್ ಇದೆ. ಕಾಕ್ ಮುಚ್ಚಿ, ಫ್ಲಶ್ ಮಾಡಿ, ಟ್ಯಾಂಕ್ ಖಾಲಿ ಮಾಡಿ. ವಾಲ್ವನ್ನು ಹಿಡಿದು ಕಾಲು ಸುತ್ತು ಎಡಕ್ಕೆ ತಿರುಗಿಸಿದರೆ ಹೆಚ್ಚಿನವು ಕಳಚಿ ಬರುತ್ತವೆ. ಕೆಲವಕ್ಕೆ ಪಕ್ಕದಲ್ಲಿ ಕ್ಲಿಪ್ ಇರುತ್ತದೆ, ಮೊದಲು ಅದನ್ನು ಬಿಡಿಸಿ. ಬಲ ಹಾಕಬೇಡಿ.

ವಾಷರನ್ನು ಬೆರಳಲ್ಲಿ ಉಜ್ಜಿ ನೋಡಿ. ಕಪ್ಪು ಮಸಿ ಅಂಟಿದರೆ, ಅಥವಾ ಒಂದು ಕಡೆ ಚಪ್ಪಟೆಯಾಗಿ ಗಟ್ಟಿಯಾಗಿದ್ದರೆ ಹೊಸದೇ ಬೇಕು. ಹಳೆಯದನ್ನು ಜೊತೆಗೆ ಒಯ್ದು ಅದೇ ಅಳತೆಯದನ್ನು ತನ್ನಿ. ಅದು ಕೂರುವ ಜಾಗವನ್ನೂ ಸವರಿ ನೋಡಿ. ಗಡಸು ನೀರಿದ್ದರೆ ಸುಣ್ಣದ ಪದರ ತರಿತರಿಯಾಗಿ ಸಿಗುತ್ತದೆ. ಹೊಸ ವಾಷರ್ ಹಾಕಿಯೂ ಸೋರುತ್ತದೆ ಅನ್ನುವವರು ಜಾಸ್ತಿ ಬಿಟ್ಟುಬಿಡುವುದು ಈ ಜಾಗವನ್ನೇ. ವಿನೆಗರ್‌ನಲ್ಲಿ ನೆನೆಸಿದ ಬಟ್ಟೆಯನ್ನು ಅರ್ಧ ಗಂಟೆ ಅಲ್ಲಿಟ್ಟು ಒರೆಸಿ. ಬ್ಲೇಡಿನಿಂದ ಕೆರೆಯಬೇಡಿ, ಗೀರು ಬಿದ್ದರೆ ಆ ಗೀರಿನಲ್ಲೇ ನೀರು ಹೋಗುತ್ತದೆ.

ಇನ್ನೊಬ್ಬರು:
ಟ್ಯಾಂಕಿನೊಳಗೆ ಬ್ಲೀಚ್ ಮಾತ್ರೆ ಹಾಕುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ನಾವು ಹಾಕುತ್ತಿದ್ದೆವು. ವಾಷರ್ ಬೇಗ ಬೇಗ ಹೋಗುತ್ತಿತ್ತು. ಕ್ಲೋರಿನ್ ನೀರಲ್ಲಿ ದಿನವಿಡೀ ನೆನೆದರೆ ರಬ್ಬರ್ ಬಾಳಿಕೆ ಬರುವುದಿಲ್ಲ.

ಪ್ರಶ್ನೆ ಕೇಳಿದವರು:
ಬೆರಳೆಲ್ಲ ಕಪ್ಪಾಯಿತು! ಸುಣ್ಣವೂ ಇತ್ತು. ತೊಳೆದು ಹೊಸ ವಾಷರ್ ಹಾಕಿದೆ. ರಾತ್ರಿ ಕಾಕ್ ಮುಚ್ಚಿಟ್ಟಿದ್ದೆ, ಬೆಳಿಗ್ಗೆ ನೀರು ಪೆನ್ಸಿಲ್ ಗೆರೆಯಲ್ಲೇ ಇದೆ. ತುಂಬಾ ಥ್ಯಾಂಕ್ಸ್. ಇನ್ನೊಂದೇ ಮಾತು. ಹೊಸ ಫ್ಲೋಟ್ ವಾಲ್ವ್ ಬಂದಾಗಿನಿಂದ ಫ್ಲಶ್‌ನಲ್ಲಿ ರಭಸ ಕಡಿಮೆ ಅನ್ನಿಸುತ್ತಿದೆ.

ಉತ್ತರ:
ಫ್ಲೋಟ್ ಕೆಳಗೆ ಸೆಟ್ ಆಗಿರಬೇಕು. ಅದರ ಪಕ್ಕದ ಸ್ಕ್ರೂ ತಿರುಗಿಸಿ ಸ್ವಲ್ಪ ಸ್ವಲ್ಪವೇ ಮೇಲೇರಿಸಿ. ನೀರು ಓವರ್‌ಫ್ಲೋ ಪೈಪಿನ ಬಾಯಿಗಿಂತ ಸುಮಾರು 2.5 ಸೆಂ.ಮೀ. ಕೆಳಗೆ ನಿಂತರೆ ಸರಿ.