ಸಂದರ್ಶನದಲ್ಲಿ ‘ಏಕೆ’ ಎಂದು ಕೇಳಿದರೆ ಸಿಗುವುದೇನು?

ಪ್ರಶ್ನೆ – ಎಂ.ಎ. ವಿದ್ಯಾರ್ಥಿನಿ

ಮನೋವಿಜ್ಞಾನದ ಕಿರುಪ್ರಬಂಧಕ್ಕಾಗಿ, ಮರೆವಿನ ಕಾಯಿಲೆಗೆ ತುತ್ತಾದ ಹಿರಿಯರನ್ನು ಮನೆಯಲ್ಲೇ ನೋಡಿಕೊಳ್ಳುತ್ತಿರುವ ಆರು ಮಹಿಳೆಯರ ಸಂದರ್ಶನ ನಡೆಸುತ್ತಿದ್ದೇನೆ. ಪ್ರಶ್ನೆಗಳ ಪಟ್ಟಿ ಕೈಯಲ್ಲಿದ್ದರೂ ಮಾತು ಹೋದ ಕಡೆ ಹೋಗಲು ಅವಕಾಶವಿರುವ ಅರೆ-ರಚನಾತ್ಮಕ ವಿಧಾನ ನನ್ನದು. ಮೂರು ಸಂದರ್ಶನಗಳು ಮುಗಿದಿವೆ. ‘ಈ ಹೊಣೆಯನ್ನು ನೀವೇ ಏಕೆ ವಹಿಸಿಕೊಂಡಿರಿ?’ ಎಂದು ಕೇಳಿದಾಗ ಮೂವರೂ ‘ಕರ್ತವ್ಯ ಅಲ್ವಾ ಮೇಡಂ’ ಎಂದು ಹೇಳಿ ಸುಮ್ಮನಾದರು. ಇದನ್ನು ದತ್ತಾಂಶವೆಂದು ಪರಿಗಣಿಸಬಹುದೇ, ಅಥವಾ ಪ್ರಶ್ನೆಯಲ್ಲೇ ದೋಷವಿದೆಯೇ?

ಉತ್ತರ 1 – ಉಪನ್ಯಾಸಕ

ದೋಷ ಬಹುಪಾಲು ಪ್ರಶ್ನೆಯದೇ. ಮನೋವಿಜ್ಞಾನಿಗಳಾದ ರಿಚರ್ಡ್ ನಿಸ್ಬೆಟ್ ಮತ್ತು ತಿಮೋತಿ ವಿಲ್ಸನ್ 1977ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದಕ್ಕೆ ತಕ್ಕ ನಿದರ್ಶನವಿದೆ. ನಾಲ್ಕು ಜೊತೆ ನೈಲಾನ್ ಕಾಲುಚೀಲಗಳನ್ನು ಸಾಲಾಗಿ ಇಟ್ಟು, ಯಾವುದರ ಗುಣಮಟ್ಟ ಉತ್ತಮ ಎಂದು ಜನರನ್ನು ಕೇಳಲಾಯಿತು. ನಾಲ್ಕೂ ಒಂದೇ ಬಗೆಯವಾಗಿದ್ದರೂ, ತೀರ ಬಲಗಡೆಯದನ್ನು ಆರಿಸಿದವರು ತೀರ ಎಡಗಡೆಯದನ್ನು ಆರಿಸಿದವರ ಸುಮಾರು ನಾಲ್ಕು ಪಟ್ಟು ಇದ್ದರು. ಕಾರಣ ಕೇಳಿದಾಗ, ಇಟ್ಟಿದ್ದ ಜಾಗದ ಮಾತನ್ನು ಒಬ್ಬರೂ ತಾವಾಗಿ ಎತ್ತಲಿಲ್ಲ. ಜಾಗವೇ ಕಾರಣವಿರಬಹುದೇ ಎಂದು ನೇರವಾಗಿ ಕೇಳಿದಾಗಲೂ ಬಹುತೇಕ ಎಲ್ಲರೂ ಅಲ್ಲಗಳೆದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ತಮ್ಮ ಆಯ್ಕೆಯ ಕಾರಣ ಅವರಿಗೇ ಕಂಡಿರಲಿಲ್ಲ. ಆದ್ದರಿಂದ ‘ಏಕೆ’ಯನ್ನು ಬಿಟ್ಟು, ‘ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಏನೇನು ನಡೆಯಿತು, ಹೇಳಿ’ ಎಂದು ಕೇಳಿ ನೋಡಿ.

ಉತ್ತರ 2 – ಆಪ್ತಸಮಾಲೋಚಕಿ

ಮೇಲಿನ ಸಲಹೆ ಒಳ್ಳೆಯದೇ, ಆದರೆ ಕಾಲುಚೀಲ ಆರಿಸುವುದನ್ನೂ ಅತ್ತೆಯನ್ನು ವರ್ಷಗಟ್ಟಲೆ ನೋಡಿಕೊಳ್ಳುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮಕ್ಕಳ ಯೋಚನಾಕ್ರಮವನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿ ಜೀನ್ ಪಿಯಾಜೆ ಪ್ಯಾರಿಸ್‌ನಲ್ಲಿ ಮಕ್ಕಳಿಗೆ ಬುದ್ಧಿಪರೀಕ್ಷೆ ನಡೆಸುತ್ತಿದ್ದಾಗ ತಪ್ಪು ಉತ್ತರಗಳನ್ನು ಬದಿಗೆ ಸರಿಸದೆ, ಅವುಗಳ ಬೆನ್ನುಹತ್ತಿ ಮಾತು ಮುಂದುವರಿಸಿದರು. ಅವರ ಸಂದರ್ಶನ ಪದ್ಧತಿ ಹುಟ್ಟಿದ್ದೇ ಹಾಗೆ. ಮಗು ಬಾಯಿಗೆ ಬಂದಂತೆ ಹೇಳಿದ್ದು ಯಾವುದು, ಕೇಳಿದವರ ಸುಳಿವು ಹಿಡಿದು ಹೇಳಿದ್ದು ಯಾವುದು, ತಾನೇ ಯೋಚಿಸಿ ಹೇಳಿದ್ದು ಯಾವುದು ಎಂದು ವಿಂಗಡಿಸಬೇಕೆಂದು 1926ರಲ್ಲೇ ಅವರು ಬರೆದಿದ್ದರು. ನೀವೂ ‘ಕರ್ತವ್ಯ’ ಎಂಬ ಮಾತನ್ನು ಎಸೆಯದೆ, ಅದನ್ನು ಯಾರ ಕಿವಿಗೆ ಬೀಳಲೆಂದು ಹೇಳಿದರು ಎಂದು ಯೋಚಿಸಿ. ಒಮ್ಮೆ ನಡುಮನೆಯಲ್ಲಿ ಒಂದು ಗಂಟೆ ಕಾಲ ‘ಏನೂ ತೊಂದರೆ ಇಲ್ಲ’ ಎಂದೇ ಹೇಳುತ್ತಿದ್ದ ಮಹಿಳೆಯೊಬ್ಬರು, ನಾನು ಚಪ್ಪಲಿ ಮೆಟ್ಟಿಕೊಳ್ಳುವಾಗ ಗೇಟಿನವರೆಗೂ ಬಂದು, ‘ಮೂರು ವರ್ಷದಿಂದ ತವರಿನಲ್ಲಿ ಒಂದು ರಾತ್ರಿಯೂ ಉಳಿದಿಲ್ಲ’ ಎಂದರು. ರೆಕಾರ್ಡರ್ ಆಗಲೇ ಆಫ್ ಆಗಿತ್ತು. ಮತ್ತೆ ಒಪ್ಪಿಗೆ ಕೇಳಿದೆ, ಅವರು ಬೇಡವೆಂದರು, ಆ ಮಾತನ್ನು ವರದಿಯಲ್ಲಿ ಬಳಸಲಿಲ್ಲ.

ಮರುಪ್ರಶ್ನೆ – ಎಂ.ಎ. ವಿದ್ಯಾರ್ಥಿನಿ

ಈಗ ನೆನಪಾಗುತ್ತಿದೆ: ಎರಡು ಮನೆಗಳಲ್ಲಿ ನಾದಿನಿಯರು ಕಾಫಿ ತಂದುಕೊಟ್ಟು ಅಲ್ಲೇ ಕುಳಿತಿದ್ದರು. ಉಳಿದ ಮೂವರಿಗೆ ಪ್ರಶ್ನೆ ಬದಲಿಸಿದರೆ ಮೊದಲಿನ ಮೂರು ಸಂದರ್ಶನಗಳನ್ನು ಕೈಬಿಡಬೇಕೇ?

ಉತ್ತರ 3 – ಉಪನ್ಯಾಸಕ

ಬೇಡ. ಯಾವ ಸಂದರ್ಶನದ ನಂತರ, ಯಾವ ಕಾರಣಕ್ಕೆ ಪ್ರಶ್ನೆ ಬದಲಿಸಿದಿರಿ ಎಂಬುದನ್ನು ವಿಧಾನದ ಅಧ್ಯಾಯದಲ್ಲಿ ಬರೆಯಿರಿ. ಆ ಮೂರೂ ಬರಹಪ್ರತಿಗಳಲ್ಲಿ ಕೋಣೆಯಲ್ಲಿ ಯಾರಿದ್ದರು ಎಂಬುದನ್ನು ನೆನಪು ಮಾಸುವ ಮುನ್ನವೇ ನಮೂದಿಸಿ.